ಮುಂಬಯಿಯ ಉಡುಪಿ ಹೋಟೆಲು: ಒಂದು ಇತಿಹಾಸದ ನೋಟ

ಪ್ರತಿ ವರ್ಷ ನವೆಂಬರ್ ಒಂದರ ಸಮಾರಂಭದಲ್ಲಿ ಕದಂಬರಿಂದ ಮೊದಲುಗೊಂಡು ವಿಜಯನಗರದವರೆಗಿನ ವೈಭವವನ್ನು ವಕ್ತಾರರ ಬಾಯಿಂದ ಕೇಳಿ ನಾವು ಹಿಗ್ಗುತ್ತೇವೆ. ಮಯೂರವರ್ಮನ ಹೆಸರು ಬಂದಾಗ, ಪುಲಕೇಶಿಯ ಹೆಸರು ಬಂದಾಗ ಚಪ್ಪಾಳೆ ತಟ್ಟುತ್ತೇವೆ. ಅದು ಯೋಗ್ಯವೇ. ಆದರೆ ಸಭೆ ಮುಗಿದು, ಮಕ್ಕಳ ಕೋಲಾಟ ಮುಗಿದು, ವಂದನಾರ್ಪಣೆಯೂ ಮುಗಿದ ಮೇಲೆ, ಮನೆಗೆ ಮರಳುವ ದಾರಿಯಲ್ಲಿ ಸಂಸಾರ ಸಮೇತ ನಾವು ಹೊಕ್ಕು ಕುಳಿತುಕೊಳ್ಳುವುದೆಲ್ಲಿ? ರೈಲು ನಿಲ್ದಾಣದ ಮಗ್ಗುಲಿನ ಉಡುಪಿ ಹೋಟೆಲಿನಲ್ಲಿ. ಅಲ್ಲಿ ಇಡ್ಲಿ ತಿಂದು ಕಾಫಿ ಕುಡಿದು ಎದ್ದು ಬರುತ್ತೇವೆಯೇ ಹೊರತು, ಆ ನಾಲ್ಕು ಗೋಡೆಗಳಿಗೂ ಒಂದು ಇತಿಹಾಸವಿದೆ, ಅದು ನಮ್ಮದೇ ಇತಿಹಾಸ ಎಂದು ನಾವು ಎಣಿಸುವುದಿಲ್ಲ. ಈ ನಗರದಲ್ಲಿ ಕನ್ನಡ ನಾಡಿನವರು ಕೋಟೆ ಕಟ್ಟಿಸಲಿಲ್ಲ, ಶಾಸನ ಕೆತ್ತಿಸಲಿಲ್ಲ, ಹೋಟೆಲು ಹಾಕಿದರು. ಆದ್ದರಿಂದ ಈ ಸಲದ ಸಂಚಿಕೆಯಲ್ಲಿ ಆ ಹೋಟೆಲಿನ ಕಥೆಯನ್ನೇ ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ. ನಾವು ಇತಿಹಾಸ ಪಂಡಿತರಲ್ಲ. ಬಹಳ ವರ್ಷಗಳಿಂದ ಇಂಥ ಹೋಟೆಲುಗಳಲ್ಲಿ ತಿಂದವರು, ಅಷ್ಟೆ.

ಹೊರಗೆ ಹಣ ಕೊಟ್ಟು ಉಣ್ಣುವುದು ಹಿಂದಿನವರಿಗೆ ಗೌರವದ ಮಾತಾಗಿರಲಿಲ್ಲ. ಪ್ರಯಾಣಕ್ಕೆ ಹೊರಟವನು ಬುತ್ತಿ ಕಟ್ಟಿಕೊಳ್ಳುತ್ತಿದ್ದ, ಛತ್ರದಲ್ಲಿ ಇಳಿಯುತ್ತಿದ್ದ, ಇಲ್ಲವೇ ನೆಂಟರ ಮನೆ ಹುಡುಕುತ್ತಿದ್ದ. ಯಾರು ಬೇಯಿಸಿದ್ದು, ಯಾರು ಬಡಿಸಿದ್ದು ಎಂದು ತಿಳಿಯದ ಅನ್ನವನ್ನು ಮುಟ್ಟದವರೇ ಹೆಚ್ಚು. ಈ ಕಟ್ಟನ್ನು ಮುರಿದದ್ದು ಯಾವ ಸುಧಾರಕರ ಭಾಷಣವೂ ಅಲ್ಲ, ಹತ್ತಿಯ ಗಿರಣಿ. 1850ರ ದಶಕದಲ್ಲಿ ಮುಂಬಯಿಯಲ್ಲಿ ಮೊದಲ ಬಟ್ಟೆ ಗಿರಣಿ ಎದ್ದಿತು. ಮುಂದಿನ ಐವತ್ತು ವರ್ಷಗಳಲ್ಲಿ ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಗಂಡಸರಿಂದ ಚಾಳುಗಳು ತುಂಬಿಹೋದವು. ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ಮಲಗುವ ಹತ್ತು ಮಂದಿಗೆ ಅಡುಗೆ ಮಾಡುವವರು ಯಾರು? ಗಿರಣಗಾವಿನ ಹೆಂಗಸರು ತಮ್ಮ ಮನೆಯಲ್ಲಿಯೇ ತಿಂಗಳ ಲೆಕ್ಕಕ್ಕೆ ಊಟ ಹಾಕತೊಡಗಿದರು. ಇದೇ ಖಾನಾವಳಿ. ಇತ್ತ ಈರಾನಿನಿಂದ ಬಂದ ಪಾರಸಿ ಮತದವರು ಬೀದಿಯ ಮೂಲೆಗಳಲ್ಲಿ ಚಹದಂಗಡಿ ತೆರೆದರು. ಮೂಲೆಯ ಅಂಗಡಿ ಅಶುಭವೆಂದು ಹಿಂದೂ ವ್ಯಾಪಾರಿಗಳು ಬಿಟ್ಟುಕೊಟ್ಟದ್ದು ಈರಾಣಿಗಳಿಗೆ ಶುಭವಾಯಿತು ಎಂದು ಹೇಳುವ ವಾಡಿಕೆಯುಂಟು. 1904ರಲ್ಲಿ ಆರಂಭವಾದ ಕಯಾನಿಯಂಥ ಅಂಗಡಿಗಳು ಆ ಕಾಲದ ನೆನಪು. ಆದರೆ ಖಾನಾವಳಿಯಲ್ಲಿ ತಿಂಗಳ ಗಿರಾಕಿಯೇ ಆಗಬೇಕು. ಈರಾಣಿಯಲ್ಲಿ ಪಾವು, ಬೆಣ್ಣೆ, ಮೊಟ್ಟೆ. ಶಾಕಾಹಾರಿಯಾದ ಗುಮಾಸ್ತನು ಎರಡು ಕಾಸಿಗೆ ನಿಶ್ಚಿಂತೆಯಿಂದ ಬಿಸಿಬಿಸಿಯಾಗಿ ತಿಂದು ಹೋಗುವ ಜಾಗ ಇನ್ನೂ ಹುಟ್ಟಬೇಕಾಗಿತ್ತು.

ಆ ಜಾಗವನ್ನು ಹುಟ್ಟಿಸಿದವರು ನಮ್ಮ ಕರಾವಳಿಯವರು. ಉಡುಪಿಯಲ್ಲಿ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಕೃಷ್ಣನನ್ನು ಪ್ರತಿಷ್ಠೆ ಮಾಡಿದ್ದು, ಅಷ್ಟಮಠಗಳು ಸರದಿಯ ಮೇಲೆ ಪೂಜೆ ನಡೆಸುವುದು, ಅಲ್ಲಿಯ ಅನ್ನದಾನ, ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿಗಳೇ. ಸಾವಿರಾರು ಎಲೆಗಳಿಗೆ ಒಂದೇ ಹದದಲ್ಲಿ ಸಾರು ಕುದಿಸುವ ವಿದ್ಯೆ ಆ ಅಡುಗೆಮನೆಗಳಲ್ಲಿ ತಲೆಮಾರುಗಳಿಂದ ಬೆಳೆದಿತ್ತು. ಆದರೆ ವಿದ್ಯೆ ಇದ್ದ ಮಾತ್ರಕ್ಕೆ ಯಾರೂ ಊರು ಬಿಡುವುದಿಲ್ಲ. ಊರು ಬಿಡಿಸಿದ್ದು ಬಡತನ. ಪಾಲಾಗಿ ಪಾಲಾಗಿ ಉಳಿದ ಅಂಗೈಯಗಲ ಗದ್ದೆ, ಮನೆ ತುಂಬ ಮಕ್ಕಳು, ಮಳೆಗಾಲದ ನಾಲ್ಕು ತಿಂಗಳ ಕಷ್ಟ. ಇವುಗಳ ಮೇಲೆ 1923ರ ನೇತ್ರಾವತಿಯ ಮಹಾಪೂರ ಬಂದು ದಕ್ಷಿಣ ಕನ್ನಡದ ಎಷ್ಟೋ ಮನೆಗಳನ್ನು ಕೊಚ್ಚಿತು. ಆಗ ಮಂಗಳೂರಿಗೆ ರೈಲು ಇದ್ದದ್ದು ಮದರಾಸಿನ ಕಡೆಗೆ ಮಾತ್ರ, ಅದೂ 1907ರಿಂದ. ಮದರಾಸಿಗೆ ಹೋಗುವವರು ಗಾಡಿ ಹತ್ತಿದರು. ಮುಂಬಯಿಗೆ ಬರುವವರು ಹಡಗು ಹತ್ತಿದರು. ಮದರಾಸಿಗೆ ಹೋದವರಲ್ಲಿ ಕೆ. ಕೃಷ್ಣರಾಯರು ಪಾತ್ರೆ ತೊಳೆಯುವ ಕೆಲಸದಿಂದ ಆರಂಭಿಸಿ 1938ರಲ್ಲಿ ವುಡ್‌ಲ್ಯಾಂಡ್ಸ್ ಎಂಬ ಹೋಟೆಲನ್ನೇ ಸ್ಥಾಪಿಸಿದರು. ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ತೆರೆದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಖ್ಯಾತವಾಯಿತು. ನಮ್ಮ ಕಥೆ ಹಡಗು ಹತ್ತಿದವರದು.

ಹಡಗಿಳಿದವರು ನಗರದ ನಾನಾ ಕಡೆ ಹಂಚಿಹೋದರು. ಆದರೆ ಉಡುಪಿ ಹೋಟೆಲಿಗೆ ತವರುಮನೆಯೆಂದರೆ ಮಾಟುಂಗವೇ. ಅದೇಕೆ ಮಾಟುಂಗ? 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಇಕ್ಕಟ್ಟಿನ ವಸತಿಯೇ ಇದಕ್ಕೆ ಕಾರಣವೆಂದು ಸರಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ನೇಮಿಸಿತು. ಆ ಟ್ರಸ್ಟು ದಾದರ, ಮಾಟುಂಗ, ಸಾಯನ್ ಕಡೆಯ ಹೊಲಗದ್ದೆಗಳನ್ನು ನೆಲಸಮ ಮಾಡಿ ಅಗಲ ರಸ್ತೆ, ತೋಟ, ಮೂರು ಮಹಡಿಯ ಮನೆಗಳಿಗೆ ಜಾಗ ಮಾಡಿಕೊಟ್ಟಿತು. ಇಪ್ಪತ್ತು ಮೂವತ್ತರ ದಶಕಗಳಲ್ಲಿ ಈ ಹೊಸ ಮನೆಗಳಿಗೆ ಬಂದು ಸೇರಿದವರಲ್ಲಿ ದಕ್ಷಿಣದ ಗುಮಾಸ್ತರು, ಟೈಪಿಸ್ಟರು, ಲೆಕ್ಕಪತ್ರದವರು ಬಹಳ. ಸುತ್ತಮುತ್ತ ಕಾಲೇಜುಗಳೂ ಎದ್ದವು. ರುಯಿಯಾ, ಖಾಲ್ಸಾ ಕಾಲೇಜುಗಳು ಎರಡೂ 1937ರಲ್ಲಿ ಆರಂಭವಾದವು. ಗುಮಾಸ್ತನೂ ವಿದ್ಯಾರ್ಥಿಯೂ ಕೂಡಿದಲ್ಲಿ ಹೋಟೆಲಿಗೆ ಬರವೇ? 1936ರಲ್ಲಿ ಕಿಂಗ್ಸ್ ಸರ್ಕಲಿನ ಕೆಫೆ ಮೈಸೂರು, 1939ರಲ್ಲಿ ನಿಲ್ದಾಣದ ಎದುರಿನ ರಾಮಾಶ್ರಯ, 1940ರಲ್ಲಿ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್. ಆರು ವರ್ಷಗಳಲ್ಲಿ, ಹೆಚ್ಚೆಂದರೆ ಹತ್ತು ಹದಿನೈದು ನಿಮಿಷದ ನಡಿಗೆಯ ಅಂತರದಲ್ಲಿ, ಇಷ್ಟು ಹೋಟೆಲುಗಳು. ಅದೇ 1936ರಲ್ಲಿ ಚರ್ಚ್‌ಗೇಟಿನಲ್ಲಿ ಇಂಡಿಯಾ ಕಾಫಿ ಹೌಸೂ ಬಾಗಿಲು ತೆರೆಯಿತು. ಚಹದ ಊರಾದ ಮುಂಬಯಿಗೆ ಕಾಫಿಯ ರುಚಿ ಹತ್ತಿದ ಕಾಲವದು.

ರಾಮ ನಾಯಕರ ಹೆಸರನ್ನು ಇಲ್ಲಿ ಎರಡು ಸಲ ಹೇಳಬೇಕು. ಏಕೆಂದರೆ ಕೆಫೆ ಮೈಸೂರಿನ ಹಿಂದೆಯೂ ಅವರೇ ಇದ್ದರು. ಕಾರ್ಕಳದ ಕಡೆಯ ಹಳ್ಳಿಯಿಂದ ಬಾಲಕನಾಗಿ ಈ ನಗರಕ್ಕೆ ಬಂದು, ಕೆಳಗಿನ ಕೆಲಸಗಳನ್ನೆಲ್ಲ ಮಾಡಿ, ಕೊನೆಗೆ ತಮ್ಮದೇ ಎಲೆ ಹಾಕಿದವರು ಅವರು. ಅವರ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮೇಲೆ ಬಡಿಸುವ ಊಟಕ್ಕೆ ಮೆಟ್ಟಿಲ ಮೇಲೆ ಸರದಿ ಕಾಯುವುದನ್ನು ನೋಡದ ಮುಂಬಯಿಕರನಿಲ್ಲ.

ಈ ಹೆಸರುಗಳನ್ನು ವಾಚಕರು ಒಮ್ಮೆ ಒಟ್ಟಿಗೆ ಓದಿನೋಡಬೇಕು: ಮೈಸೂರು, ಮದ್ರಾಸ್, ಉಡಿಪಿ. ಮೂರೂ ಕರಾವಳಿಯ ಕುಟುಂಬಗಳ ಹೋಟೆಲುಗಳು. ಆದರೆ ಒಂದರ ಮೇಲೂ ಕರ್ನಾಟಕವೆಂಬ ಹೆಸರಿಲ್ಲ. ಹೇಗೆ ಇದ್ದೀತು? ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿತ್ತು, ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದವು, ಮೈಸೂರು ಮಹಾರಾಜರದಾಗಿತ್ತು, ರಾಯಚೂರು, ಕಲಬುರ್ಗಿ, ಬೀದರ್ ನಿಜಾಮನದಾಗಿದ್ದವು, ಕೊಡಗು ಬೇರೆಯೇ ಇತ್ತು. ಉಡುಪಿಯಿಂದ ಬಂದ ಹುಡುಗ ಕಾಗದಪತ್ರದ ಪ್ರಕಾರ ಮದರಾಸಿನವನು. ಮುಂಬಯಿಯವರು ಅವನನ್ನು ‘ಮದ್ರಾಸಿ’ ಎಂದರೆ ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಅವನು ಮನೆಯಲ್ಲಿ ಆಡುತ್ತಿದ್ದುದು ತುಳುವೋ ಕೊಂಕಣಿಯೋ, ಕುಂದಾಪುರದ ಕಡೆಯವನಾದರೆ ಕನ್ನಡವೋ; ಅಪ್ಪನಿಗೆ ಕಾಗದ ಬರೆಯುವಾಗ ಮಾತ್ರ ಎಲ್ಲರೂ ಕನ್ನಡ ಅಕ್ಷರದಲ್ಲಿಯೇ ಬರೆದರು. 1956ರ ನವೆಂಬರ್ 1ರಂದು ಹರಿದು ಹಂಚಿಹೋದ ನಾಡು ಒಂದಾಯಿತು, 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಆದರೆ ಹೋಟೆಲಿನ ಫಲಕಗಳು ಹಳೆಯವೇ ಉಳಿದವು. ನಮಗೆ ಆ ಫಲಕಗಳನ್ನು ಬದಲಿಸಬೇಕೆಂದು ಎಂದೂ ಅನಿಸಿಲ್ಲ. ಏಕೀಕರಣಕ್ಕೆ ಮುಂಚೆ ನಾವು ಹೇಗಿದ್ದೆವು ಎಂದು ನಮ್ಮ ಮಕ್ಕಳಿಗೆ ತೋರಿಸಬೇಕಾದರೆ ನಕ್ಷೆ ಬಿಡಿಸಬೇಕಾಗಿಲ್ಲ, ಕಿಂಗ್ಸ್ ಸರ್ಕಲಿಗೆ ಕರೆದುಕೊಂಡು ಹೋದರೆ ಸಾಕು.

ಇಡ್ಲಿಯೂ ಅಷ್ಟೆ. ಇದನ್ನು ‘ಮದ್ರಾಸಿ ತಿಂಡಿ’ ಎಂದು ನೆರೆಯವರು ಕರೆದಾಗ ನಾವು ಸುಮ್ಮನಿರುತ್ತೇವೆ. ಆದರೆ ಕ್ರಿ. ಶ. 920ರ ಸುಮಾರಿನ ವಡ್ಡಾರಾಧನೆಯಲ್ಲಿಯೇ ‘ಇಡ್ಡಲಿಗೆ’ಯ ಹೆಸರಿದೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಇಡ್ಲಿ ದೋಸೆಗಳ ಪೂರ್ವಜರ ವರ್ಣನೆಯಿದೆ. ಮುಂಬಯಿಯವರು ‘ಮೆದು ವಡಾ’ ಎಂದು ಕೂಗಿ ತರಿಸಿಕೊಳ್ಳುವಾಗ ತಾವು ಕನ್ನಡ ಮಾತಾಡುತ್ತಿದ್ದೇವೆಂದು ಅವರಿಗೆ ತಿಳಿದಿರುವುದಿಲ್ಲ! ಪ್ರತಿಯಾಗಿ ಈ ನಗರವೂ ನಮ್ಮ ತಿಂಡಿಯನ್ನು ತನ್ನ ನಾಲಿಗೆಗೆ ತಕ್ಕಂತೆ ತಿದ್ದಿಕೊಂಡಿತು. ಸಾಂಬಾರಿಗೆ ಒಂದಿಷ್ಟು ಸಿಹಿ ಸೇರಿತು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ ಸಾಂಬಾರು ಬಂದಿತು. ಮೈಸೂರಿನವನು ನೋಡಿದರೆ ಗುರುತೇ ಹಿಡಿಯಲಾರದ, ಕೆಂಪು ಚಟ್ನಿಯೂ ತರಕಾರಿಯೂ ಬೆಣ್ಣೆಯೂ ತುಂಬಿದ ‘ಮೈಸೂರು ಮಸಾಲೆ’ ಎಂಬುದು ಇಲ್ಲಿಯೇ ರೂಪುಗೊಂಡಿತು.

ಇಂಥ ಹೋಟೆಲು ಬಾಳಿದ ಗುಟ್ಟೇನು? ಬಿ. ಕಾಂ. ಓದಿದ ತಪ್ಪಿಗೆ ನಾವು ಇದನ್ನು ಲೆಕ್ಕದ ದೃಷ್ಟಿಯಿಂದಲೂ ನೋಡಿದ್ದೇವೆ. ಅಕ್ಕಿ, ಉದ್ದು, ತೊಗರಿ, ತೆಂಗಿನಕಾಯಿ: ಬಂಡವಾಳ ಅಲ್ಪ. ಹಿಟ್ಟು ರಾತ್ರಿ ರುಬ್ಬಿದರೆ ಬೆಳಿಗ್ಗೆ ತಾನೇ ಉಬ್ಬಿರುತ್ತದೆ. ಆ ಉಬ್ಬಿಗೆ ಖರ್ಚಿಲ್ಲ. ಗಿರಾಕಿ ಹತ್ತು ನಿಮಿಷದಲ್ಲಿ ಎದ್ದು ಹೋದರೆ ಒಂದೇ ಕುರ್ಚಿ ದಿನಕ್ಕೆ ಐವತ್ತು ಸಲ ದುಡಿಯುತ್ತದೆ. ಆದ್ದರಿಂದಲೇ ಅಮೃತಶಿಲೆಯ ಮೇಜು, ಮೆತ್ತೆಯಿಲ್ಲದ ಕುರ್ಚಿ, ಎದುರು ನಿಂತು ಕಾಯುವ ಮತ್ತೊಬ್ಬ ಗಿರಾಕಿಯ ನೋಟ! ಜೊತೆಗೆ 1947ರ ಬಾಡಿಗೆ ಕಾನೂನಿನಿಂದಾಗಿ ಹಳೆಯ ಕಟ್ಟಡಗಳ ಬಾಡಿಗೆ ಏರದೆ ನಿಂತಿತು. ಒಮ್ಮೆ ಪಗಡಿ ಕೊಟ್ಟು ಒಳಹೊಕ್ಕವನು ತಲೆಮಾರಿನವರೆಗೆ ನಿಶ್ಚಿಂತ. 1943ರಲ್ಲಿ ಯುದ್ಧಕಾಲದ ಪಡಿತರ ಮುಂಬಯಿಗೆ ಬಂದು ಅಕ್ಕಿಗೆ ಕೈ ಕಟ್ಟು ಬಿದ್ದಾಗಲೂ ಈ ಹೋಟೆಲುಗಳು ಹೇಗೋ ಉಸಿರು ಹಿಡಿದು ನಿಂತವು. ಅಳತೆಯ ಅನ್ನ, ಎರಡು ಪಲ್ಯ, ಸಾರು, ಮಜ್ಜಿಗೆ ಒಂದೇ ತಟ್ಟೆಯಲ್ಲಿ ಬರುವ ‘ರೈಸ್ ಪ್ಲೇಟ್’ ಈ ನಗರದ ಕಚೇರಿ ನೌಕರನ ಮಧ್ಯಾಹ್ನವನ್ನು ಕಾಪಾಡಿತು.

ಇನ್ನು ಒಳ್ಳೆಯ ಹೋಟೆಲಿನ ಲಕ್ಷಣವೇನು ಎಂಬ ವಿಷಯದಲ್ಲಿ ನಮಗೂ ಕೆಲವು ಅಭಿಪ್ರಾಯಗಳುಂಟು. ವಾಚಕರು ಒಪ್ಪಬೇಕೆಂದಿಲ್ಲ. ಕುಳಿತ ಕೂಡಲೇ ಕೇಳದೆ ನೀರು ಬರಬೇಕು. ನೀರು ತಂದವನು ಲೋಟದೊಳಗೆ ಬೆರಳು ಅದ್ದಿರಬಾರದು. ಚಟ್ನಿಯನ್ನು ಬೆಳಗಿನ ಎಂಟು ಗಂಟೆಗೆ ನೋಡಿ ಮೆಚ್ಚಬಾರದು, ಹನ್ನೊಂದಕ್ಕೆ ನೋಡಬೇಕು. ಆಗಲೂ ಅದು ನೀರಾಗದೆ ಉಳಿದಿದ್ದರೆ ಯಜಮಾನ ಸತ್ಯವಂತ. ಇಡ್ಲಿಗೆ ಚಮಚ ತಾಗಿಸಿದರೆ ತಗ್ಗಿ ಮತ್ತೆ ಏಳಬೇಕು. ಎರಡನೆಯ ಸಲ ಸಾಂಬಾರು ಕೇಳಿದಾಗ ಮಾಣಿ ಮುಖ ತಿರುಗಿಸಬಾರದು, ಬಿಲ್ಲಿನಲ್ಲಿ ಅದು ಕಾಣಿಸಲೂಬಾರದು. ದೋಸೆ ತೀರ ಹಪ್ಪಳವಾಗಿರುವಲ್ಲಿ ಹಿಟ್ಟು ಉಳಿಸಿದ್ದಾರೆಂದು ತಿಳಿಯಬೇಕು. ಕಾಫಿ ಲೋಟ ಬಟ್ಟಲಿನಲ್ಲಿ ಬರಬೇಕು, ಬಟ್ಟಲಿನಲ್ಲಿ ಒಂದಿಷ್ಟು ಚೆಲ್ಲಿರಲೂ ಬೇಕು. ಗಲ್ಲಾದ ಮೇಲೆ ಉಡುಪಿ ಕೃಷ್ಣನ ಪಟ, ಒಂದು ಊದುಬತ್ತಿ, ಪಕ್ಕದಲ್ಲಿ ಬಡೆಸೋಪಿನ ಬಟ್ಟಲು. ಎಲ್ಲಕ್ಕಿಂತ ಮುಖ್ಯವಾಗಿ, ಗಲ್ಲಾದಲ್ಲಿ ಕುಳಿತವರು ವಾರದಿಂದ ಕಾಣದ ಗಿರಾಕಿಯನ್ನು “ಏನು, ಊರಿಗೆ ಹೋಗಿದ್ದಿರಾ?” ಎಂದು ಕೇಳಬೇಕು. ಪಂಜಾಬಿ, ಚೀನೀ ಖಾದ್ಯಗಳ ಪಟ್ಟಿ ನಾಲ್ಕು ಪುಟ ಬೆಳೆದಲ್ಲಿ ನಾವು ಇಡ್ಲಿಯ ಮೇಲಿನ ಭರವಸೆಯನ್ನು ಕಡಿಮೆ ಮಾಡಿಕೊಳ್ಳುತ್ತೇವೆ. ಆದರೆ ನಮ್ಮ ಮಕ್ಕಳು ಆ ನಾಲ್ಕು ಪುಟಗಳನ್ನೇ ಮೊದಲು ತೆರೆಯುತ್ತಾರೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಹೊಗಳಿಕೆಯನ್ನೇ ಹೇಳುತ್ತ ಹೋದರೆ ಇತಿಹಾಸವಾಗುವುದಿಲ್ಲ. ‘ಬ್ರಾಹ್ಮಣರ ಹೋಟೆಲು’ ಎಂಬ ಫಲಕ ಹಿಂದೆ ದಕ್ಷಿಣದಲ್ಲೆಲ್ಲ ಸಾಮಾನ್ಯವಾಗಿತ್ತು. ಅಡುಗೆಯವರು ಯಾರು ಎಂದು ತಿಳಿಸುವುದಕ್ಕಷ್ಟೇ ಅಲ್ಲ, ಒಳಗೆ ಯಾರು ಎಲ್ಲಿ ಕೂರಬೇಕು ಎಂದು ತಿಳಿಸುವುದಕ್ಕೂ ಅದು ಬಳಕೆಯಾಯಿತು. ಕೆಲವರಿಗೆ ಬೇರೆ ಸಾಲು, ಕೆಲವರಿಗೆ ಬೇರೆ ಲೋಟ, ಇನ್ನು ಕೆಲವರಿಗೆ ಬಾಗಿಲ ಹೊರಗೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಸಮಾನತೆಯನ್ನು ಸಾರುವಾಗ ಬಾವಿ, ಕೆರೆಗಳ ಜೊತೆಗೆ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳನ್ನೂ ಹೆಸರಿಸಿಯೇ ಹೇಳಿದೆ. ಹೋಟೆಲಿನ ಬಾಗಿಲು ದೇಶದ ಮೂಲಶಾಸನದಲ್ಲಿ ಬರಬೇಕಾಗಿ ಬಂತೆಂದರೆ ಅಲ್ಲಿ ನಡೆದ ಅನ್ಯಾಯ ಸಣ್ಣದಲ್ಲವೆಂದೇ ಅರ್ಥ. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಅದಕ್ಕೆ ಶಿಕ್ಷೆಯನ್ನೂ ವಿಧಿಸಿತು. ಕಾನೂನಿನ ಜೊತೆಗೆ ಮಧ್ಯಾಹ್ನ ಒಂದು ಗಂಟೆಯ ನೂಕುನುಗ್ಗಲೂ ತನ್ನ ಕೆಲಸ ಮಾಡಿತು. ನಾಲ್ಕು ಕುರ್ಚಿಯ ಮೇಜಿನಲ್ಲಿ ಒಂದು ಖಾಲಿಯಿದ್ದರೆ ಮುಂಬಯಿಯಲ್ಲಿ ಯಾರು ಯಾರ ಕುಲ ಕೇಳಿಯಾರು?

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸು ಬರುವುದಿಲ್ಲ. ನಮ್ಮ ಸಂಘದಲ್ಲಿ ಹಿರಿಯರೊಬ್ಬರಿದ್ದರು. ಅವರ ಹೆಸರು ಬೇಡ. ಊಟೋಪಚಾರವಾದ ಮೇಲೆ ತಮ್ಮ ತಟ್ಟೆಯ ಮೇಲೆ ಪಕ್ಕದವರ ತಟ್ಟೆ, ಅದರ ಮೇಲೆ ಬಟ್ಟಲು, ಲೋಟದೊಳಗೆ ಲೋಟ, ಹೀಗೆ ಒಟ್ಟು ಮಾಡಿ ಮೇಜಿನ ಅಂಚಿಗೆ ಸರಿಸುವುದು ಅವರ ಅಭ್ಯಾಸ. ಒಮ್ಮೆ ನಾವು ತಮಾಷೆಗೆ, “ಮಾವ, ಅದಕ್ಕೆ ಹುಡುಗ ಇದ್ದಾನಲ್ಲ, ನಿಮಗೇಕೆ ತೊಂದರೆ?” ಎಂದೆವು. ಅವರು ನಗಲಿಲ್ಲ. “ಆ ಹುಡುಗ ನಾನೇ ಆಗಿದ್ದೆ ಮಾರಾಯ” ಎಂದರು. ಹನ್ನೊಂದನೆಯ ವಯಸ್ಸಿಗೆ ಊರಿನವರೊಬ್ಬರ ಕೈ ಹಿಡಿದು ಬಂದವರು ಅವರು. ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ರುಬ್ಬುವ ಕಲ್ಲಿಗೆ ಉದ್ದು ಹಾಕುವುದು, ದಿನವಿಡೀ ಮುಸುರೆ ತಿಕ್ಕುವುದು, ಅಂಗಡಿ ಮುಚ್ಚಿದ ಮೇಲೆ ಗಿರಾಕಿಗಳು ಉಂಡ ಮೇಜುಗಳನ್ನೇ ಜೋಡಿಸಿ ಮಲಗುವುದು. ಸಂಬಳ ಊರಿನ ಅಪ್ಪನಿಗೆ ಮನಿಯಾರ್ಡರು. ಬೂದಿ ನೀರಿನಲ್ಲಿ ಬೆರಳ ಸಂದಿಗಳು ಬಿರಿದು ಪೆನ್ಸಿಲು ಹಿಡಿಯಲಾಗದಿದ್ದರೂ ಅವರು ರಾತ್ರಿ ಶಾಲೆಗೆ ಹೋದರು. “ಪಾಠ ಕೇಳಿದ್ದಕ್ಕಿಂತ ತೂಕಡಿಸಿದ್ದೇ ಹೆಚ್ಚು. ಮಾಸ್ತರರು ಎಬ್ಬಿಸುತ್ತಿರಲಿಲ್ಲ” ಎಂದು ಹೇಳುವಾಗ ಅವರ ಧ್ವನಿ ಸಣ್ಣದಾಯಿತು. ಹಾಗೆಯೇ ಓದಿ ಮೆಟ್ರಿಕು ಮುಗಿಸಿ, ಕಚೇರಿ ಸೇರಿ, ಮನೆ ಮಾಡಿ, ಮಕ್ಕಳನ್ನು ಓದಿಸಿದರು.

ಇದು ಅವರೊಬ್ಬರ ಕಥೆಯಲ್ಲ. ಕನ್ನಡ ನಾಡಿನವರ ಸಂಘಸಂಸ್ಥೆಗಳು ಈ ನಗರದಲ್ಲಿ ನಡೆಸಿದ ರಾತ್ರಿ ಶಾಲೆಗಳ ಬೆಂಚುಗಳ ಮೇಲೆ ಕುಳಿತವರಲ್ಲಿ ಹೋಟೆಲು ಮಾಣಿಗಳು ಎಷ್ಟೋ ಮಂದಿ. ಅವರಲ್ಲಿ ವಕೀಲರಾದವರಿದ್ದಾರೆ, ಲೇಖಕರಾದವರಿದ್ದಾರೆ, ತಾವೇ ಹೋಟೆಲಿನ ಯಜಮಾನರಾದವರಿದ್ದಾರೆ. ಗೆದ್ದವರನ್ನು ನಾವು ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಗೆಲ್ಲದವರ ಲೆಕ್ಕವನ್ನು ಇಟ್ಟವರಿಲ್ಲ. ಕ್ಷಯ ಬಂದು ಊರಿಗೆ ಮರಳಿದವರು, ಮರಳಲು ಮುಖವಿಲ್ಲದೆ ಇಲ್ಲಿಯೇ ಮುದುಕರಾದವರು ಯಾವ ಸ್ಮರಣ ಸಂಚಿಕೆಯಲ್ಲಿಯೂ ಬರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ಆಜ್ಞೆ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಎಪ್ಪತ್ತು ವರ್ಷ ತಡವಾಯಿತೆಂದು ನಾವು ಹೇಳಿದರೆ ಹಳೆಯ ಯಜಮಾನರು ಮುನಿಯಬಾರದು. ಊರಿನಲ್ಲಿ ಉಪವಾಸವಿದ್ದ ಮಗುವಿಗೆ ಅವರು ಅನ್ನ ಹಾಕಿದ್ದು ನಿಜ. ಆ ಮಗುವಿನ ದುಡಿಮೆಯಿಂದಲೇ ನಮ್ಮ ಇಡ್ಲಿ ಅಗ್ಗವಾಗಿದ್ದದ್ದೂ ಅಷ್ಟೇ ನಿಜ.

ನಮ್ಮ ವೃತ್ತಿ ಬ್ಯಾಂಕಿನದಾದ್ದರಿಂದ ಇನ್ನೊಂದು ನಂಟು ನಮ್ಮ ಕಣ್ಣಿಗೆ ಬೀಳುತ್ತದೆ. ಅದೇ ದಕ್ಷಿಣ ಕನ್ನಡ ಜಿಲ್ಲೆ, ಅದೇ ಕಾಲ: 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು. ಇವುಗಳಲ್ಲಿ ಕೆಲವು ಹೆಸರುಗಳು ಮುಂದೆ ಬಂದವು, ಮೂಲಸಂಸ್ಥೆಗಳು ಆಗಲೇ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆ ಕಟ್ಟುವ ಪಿಗ್ಮಿ ಠೇವಣಿಯನ್ನು ತೆರೆಯಿತು. ದಿನವೂ ಗಲ್ಲಾ ಎಣಿಸುವ ಸಣ್ಣ ಹೋಟೆಲಿನವನಿಗೆ ಇದಕ್ಕಿಂತ ಒಪ್ಪುವ ಉಳಿತಾಯ ಬೇರೆ ಯಾವುದು? ಆ ಐದು ಹೆಸರುಗಳಲ್ಲಿ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಫಲಕ ಇಳಿಯುವುದನ್ನು ಕಂಡ ನಮಗೆ ಹೋಟೆಲಿನ ಫಲಕದ ಮೇಲೂ ಅದೇ ಭಯ.

ಮುಂಬಯಿ ಈ ಹೋಟೆಲುಗಳನ್ನು ಯಾವಾಗಲೂ ಅಕ್ಕರೆಯಿಂದಲೇ ಕಂಡಿತೆಂದೂ ಹೇಳುವಂತಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ತರುವಾಯದ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ ಕಲ್ಲು ಮೊದಲು ಬಿದ್ದದ್ದು ಕಣ್ಣಿಗೆ ಬೀಳುವ ಉಡುಪಿ ಹೋಟೆಲಿನ ಗಾಜಿಗೆ. 1969ರ ಫೆಬ್ರವರಿಯಲ್ಲಿ ಗಡಿ ವಿವಾದದ ಗಲಭೆಯಲ್ಲಿ ನಗರ ಹಲವು ದಿನ ಹೊತ್ತಿ ಉರಿಯಿತು, ಹತ್ತಾರು ಜೀವಗಳು ಹೋದವು. ಆದರೂ ಗಾಜು ಬದಲಿಸಿ ಬಾಗಿಲು ತೆರೆದರು, ಮರಾಠಿ ಕಲಿತರು, ಇಡ್ಲಿಯ ಪಕ್ಕದಲ್ಲಿ ಮಿಸಳ, ಸಾಬುದಾಣೆ ವಡೆಗಳನ್ನೂ ಇಟ್ಟರು. ಉಪವಾಸದ ದಿನ ಸಾಬುದಾಣೆ ಖಿಚಡಿಗೆ ಉಡುಪಿ ಹೋಟೆಲನ್ನೇ ಹುಡುಕಿ ಬರುವ ಮರಾಠಿ ಸಂಸಾರಗಳನ್ನು ನಾವು ಬಲ್ಲೆವು. ಅದೇ ಕಲ್ಲು ಬಿದ್ದ ಬೀದಿಯ ನೆರೆಯವರೇ ಅವರು.

ಎಪ್ಪತ್ತರ ದಶಕದಲ್ಲಿ ಹೋಟೆಲಿನ ಮುಖ ಬದಲಾಯಿತು. 1974ರ ಭೂಸುಧಾರಣೆ ಕಾನೂನು ಕರ್ನಾಟಕದಲ್ಲಿ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿತು. ನ್ಯಾಯವೇ ಸರಿ, ಆದರೆ ಗೇಣಿಯನ್ನೇ ನಂಬಿದ್ದ ಬಂಟರ ಎಷ್ಟೋ ಮನೆತನಗಳು ಕೈ ಬರಿದಾಗಿ ಮುಂಬಯಿಯ ದಾರಿ ಹಿಡಿದವು. ಮೊದಲೇ ಬಂದ ನೆಂಟರ ಹೋಟೆಲು ಅವರಿಗೆ ಆಶ್ರಯವಾಯಿತು. ಮೀನು, ಕೋಳಿ ಬಡಿಸುವ ಲಂಚ್ ಹೋಮುಗಳು, ಪರವಾನಿಗೆಯ ಮದ್ಯದ ಕೋಣೆಗಳು ಹೆಚ್ಚಿದವು. ನೀರುದೋಸೆ, ಕೋರಿರೊಟ್ಟಿ, ಗಸಿ ಎಂಬ ಮಾತುಗಳು ಕೋಟೆಯ ವಕೀಲರಿಗೂ ದಲಾಲರಿಗೂ ಬಾಯಿಪಾಠವಾದವು. ‘ಶೆಟ್ಟರ ಹೋಟೆಲು’ ಎಂಬುದು ಗಾದೆಯಂತಾಯಿತು. 1982ರ ಗಿರಣಿ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಖಾನಾವಳಿಗಳು ಅಳಿದವು. ಹೋಟೆಲು ಗಿರಾಕಿಯನ್ನು ಹಿಂಬಾಲಿಸಿ ಘಾಟ್‌ಕೋಪರ, ಮುಲುಂಡ, ಡೊಂಬಿವಲಿಗಳಿಗೆ ಹೋಯಿತು.

ಈಚಿನ ಪೆಟ್ಟು ಬೇರೆ ತರಹದ್ದು. 2020ರ ಮಾರ್ಚಿನಲ್ಲಿ ಬಾಗಿಲು ಮುಚ್ಚಿದ ಹೋಟೆಲುಗಳಲ್ಲಿ ಮಹಾರಾಷ್ಟ್ರದಲ್ಲಿ ಕುಳಿತು ತಿನ್ನಲು ಮತ್ತೆ ಅನುಮತಿ ಸಿಕ್ಕಿದ್ದು ಅಕ್ಟೋಬರ್ 5ಕ್ಕೆ, ಅದೂ ಅರ್ಧ ಕುರ್ಚಿಗಳಿಗೆ. ಆರು ತಿಂಗಳ ಬಾಡಿಗೆ, ಸಂಬಳ, ಬಡ್ಡಿ ಹೊರಲಾರದ ಎಷ್ಟೋ ಚಿಕ್ಕ ಹೋಟೆಲುಗಳು ಆಮೇಲೆ ತೆರೆಯಲೇ ಇಲ್ಲ. ನಮ್ಮ ಓಣಿಯ ಹೋಟೆಲು ಆ ಕಷ್ಟವನ್ನೂ ದಾಟಿತ್ತು. ಕಟ್ಟಡದ ಪುನರ್ನಿರ್ಮಾಣದ ನೋಟಿಸನ್ನು ದಾಟಲಿಲ್ಲ. ಕೊನೆಯ ದಿನ ನಾವು ಮಕ್ಕಳೊಡನೆ ಹೋಗಿದ್ದೆವು. ಎಂದಿನಂತೆ ನೀರು ಬಂದಿತು, ಎಂದಿನಂತೆ ಎರಡನೆಯ ಸಾಂಬಾರೂ ಬಂದಿತು. ಬಿಲ್ಲು ಮಾತ್ರ ಬರಲಿಲ್ಲ. ಗಲ್ಲಾದ ಬಳಿ ಹೋಗಿ ಕೇಳಿದರೆ ಯಜಮಾನರು ಕೈಯಾಡಿಸಿ, “ಇವತ್ತು ಬೇಡ, ಇಷ್ಟು ವರ್ಷ ಕೊಟ್ಟಿದ್ದೀರಲ್ಲ” ಎಂದರು. ಅವರ ಮಗ ಬೆಂಗಳೂರಿನಲ್ಲಿ ಇಂಜಿನಿಯರು, ಮಗಳು ಪುಣೆಯಲ್ಲಿ ವೈದ್ಯೆ. ಹೊಸ ಕಟ್ಟಡದಲ್ಲಿ ಅಂಗಡಿ ಸಿಕ್ಕರೂ ಕೂರುವವರಾರು? ಮಕ್ಕಳು ಗಲ್ಲಾದಲ್ಲಿ ಕೂರಬಾರದೆಂದೇ ತಾನೆ ಅವರು ಅಷ್ಟು ವರ್ಷ ಅಲ್ಲಿ ಕುಳಿತದ್ದು! ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗರು ಓದಿ ಬೇರೆ ದಾರಿ ಹಿಡಿದದ್ದಕ್ಕೆ ಅಳಬೇಕೇ? ಅಲ್ಲ. ಆದರೆ ಗಲ್ಲಾದ ಹಿಂದಿನ ಗೋಡೆಯಿಂದ ಇಳಿಸಿ ಇಟ್ಟಿದ್ದ ಸ್ಥಾಪಕರ ಭಾವಚಿತ್ರವನ್ನು ಕಂಡು, ಅವರ ಹೆಸರೇನೆಂದು ಇಷ್ಟು ವರ್ಷ ಕೇಳಲೇ ಇಲ್ಲವಲ್ಲ ಎಂದು ನಮಗೆ ನಾಚಿಕೆಯಾಯಿತು.

ಆದ್ದರಿಂದ ಸಂಘದ ಸದಸ್ಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ನಮ್ಮ ನಮ್ಮ ಬಡಾವಣೆಯ ಹಳೆಯ ಹೋಟೆಲಿಗೆ ಹೋಗಿ, ಬಿಡುವಿನ ಮೂರು ಗಂಟೆಯ ಹೊತ್ತಿಗೆ, ಗಲ್ಲಾದ ಹಿರಿಯರನ್ನು ನಾಲ್ಕು ಪ್ರಶ್ನೆ ಕೇಳೋಣ: ಯಾವ ಊರು, ಯಾವ ಇಸವಿ, ಯಾರ ಜೊತೆ ಬಂದಿರಿ, ಮೊದಲ ಕೆಲಸವೇನು? ಉತ್ತರವನ್ನು ಬರೆದುಕೊಳ್ಳೋಣ. ಹಳೆಯ ದರಪಟ್ಟಿ, ಉದ್ಘಾಟನೆಯ ಕರೆಯೋಲೆ, ರಾತ್ರಿ ಶಾಲೆಯ ಪ್ರಗತಿಪತ್ರ, ಮನಿಯಾರ್ಡರಿನ ರಸೀದಿ ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ಅದರ ಛಾಯಾಚಿತ್ರ ತೆಗೆದು ಸಂಘದ ಕಪಾಟಿನಲ್ಲಿಡೋಣ. ಹಿಂದೆ ತಾಮ್ರಪಟವೆಂದು ಹೂಳಿಟ್ಟಂತೆ ಇವುಗಳನ್ನು ಯಾರೂ ಹೂಳಿಟ್ಟಿಲ್ಲ. ರದ್ದಿಯವನ ಕೈಗೆ ಹೋದರೆ ಹೋದವೇ. ಒಂದು ವರ್ಷ ಹೀಗೆ ಮಾಡಿದರೆ ಮುಂದಿನ ರಾಜ್ಯೋತ್ಸವ ಸಂಚಿಕೆಯನ್ನು ಅವರ ಮಾತುಗಳಿಂದಲೇ ತುಂಬಬಹುದು. ಯಜಮಾನರನ್ನಷ್ಟೇ ಅಲ್ಲ, ಭಟ್ಟರನ್ನೂ ಸಪ್ಲಾಯರನನ್ನೂ ಕ್ಲೀನರನನ್ನೂ ಕೇಳಬೇಕು. ಇಂದು ಆ ಕೆಲಸಗಳಲ್ಲಿ ಬೇರೆ ಬೇರೆ ರಾಜ್ಯಗಳ ಹುಡುಗರೂ ಇದ್ದಾರೆ. ಅವರ ಊರೂ ಬಹಳ ದೂರ, ಅವರ ಅಪ್ಪನೂ ಹಣದ ದಾರಿ ಕಾ­ಯುತ್ತಿರುತ್ತಾನೆ. ಹಿಂದೆ ನಮ್ಮವರನ್ನು ಈ ನಗರ ಹೇಗೆ ಕಾಣಬೇಕಿತ್ತೆಂದು ನಾವು ಬಯಸುತ್ತೇವೆಯೋ ಹಾಗೆ ಅವರನ್ನು ನಾವು ಕಾಣಬೇಕು.

ನಮ್ಮ ಸಂಘದ ಆ ಹಿರಿಯರು ಈಗಿಲ್ಲ. ಈ ಸಲ ಸಮಾರಂಭ ಮುಗಿದು ಹೋಟೆಲಿನಲ್ಲಿ ಕುಳಿತು ತಿಂದಾದ ಮೇಲೆ, ತಟ್ಟೆಯ ಮೇಲೆ ತಟ್ಟೆ, ಲೋಟದೊಳಗೆ ಲೋಟ ಇಟ್ಟು ಮೇಜಿನ ಅಂಚಿಗೆ ಸರಿಸಿ ಏಳೋಣ. ಮಕ್ಕಳು ಏಕೆಂದು ಕೇಳುತ್ತಾರೆ. ಆಗ ಈ ಕಥೆಯನ್ನು ಹೇಳೋಣ.